ಸೂತಕದ ಮನೆಯ ಆಕ್ಸಿಜನ್ ಮಷಿನ್

ಆ ಭಾನುವಾರ ಬೆಳಗ್ಗೆ ರಬಾಳೆಯಿಂದ ಫೋನ್ ಬಂದಾಗ ನಾನು ಮನೆಯ ಮುಂದಿನ ಗ್ಯಾಲರಿಯಲ್ಲಿ ಕೂತು ಗಾಲಿಕುರ್ಚಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಥಾಣೆಯ ಹತ್ತಿರದ ಕೋಪರಖೈರಣೆಯಲ್ಲಿ ನಮ್ಮ ಫ್ಲ್ಯಾಟು ನೆಲಮಹಡಿಯದು. ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗಕ್ಕೆ ಸ್ವಂತ ಜಾಗವಿಲ್ಲ. ಆದ್ದರಿಂದ ಕಾಯಿಲೆಯವರಿಗೆ ಎರವಲು ಕೊಡುವ ವಾಕರ್, ಕಮೋಡ್ ಕುರ್ಚಿ, ಗಾಳಿಹಾಸಿಗೆ ಎಲ್ಲವೂ ನಮ್ಮ ಗ್ಯಾಲರಿಯಲ್ಲೇ ಇರುತ್ತವೆ. ಬೇಕಾದವರು ಬಂದು ಒಯ್ಯುತ್ತಾರೆ, ಬೇಡವಾದಾಗ ಒರೆಸಿ ತಂದಿಡುತ್ತಾರೆ. ಬಾಡಿಗೆ ಇಲ್ಲ. ಸೊಸೈಟಿಯ ಸೆಕ್ರೆಟರಿ ಹೋಗುವಾಗ ಬರುವಾಗ ಇಣುಕಿ, "ವಹಿನಿ, ಹಾಸ್ಪಿಟಲ್ ಕಬ್ ಖೋಲ್ ರಹೇ ಹೋ?" ಎಂದು ಆಸ್ಪತ್ರೆ ತೆರೆಯುವ ದಿನ ಕೇಳಿ ಚುಚ್ಚುವುದುಂಟು. ನಾನು ನಗುತ್ತೇನೆ.

ಫೋನಿನಲ್ಲಿದ್ದವಳು ಒಬ್ಬಳು ಹುಡುಗಿ, ಕಾಲೇಜು ಮುಗಿಸಿರಬೇಕು. ಕುಂದಾಪುರದ ಕಡೆಯ ಕುಟುಂಬ, ಅಪ್ಪ ಥಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಮ್ಮನಿಗೆ ಶ್ವಾಸಕೋಶದ ಕಾಯಿಲೆ, ಮೂಗಿನಲ್ಲಿ ಆಕ್ಸಿಜನ್ ಪೈಪು ಇಲ್ಲದೆ ಆಗುವುದಿಲ್ಲ. ಬಾಡಿಗೆಗೆ ತಂದಿದ್ದ ಮಷಿನ್ ನಸುಕಿನಲ್ಲಿ ನಿಂತುಹೋಗಿದೆ. ಗಣಪತಿ ಹಬ್ಬದ ಹಿಂದಿನ ಭಾನುವಾರ. ಅಂಗಡಿಯವನ ಹತ್ತಿರ ಬೇರೆ ಮಷಿನ್ ಇಲ್ಲ, ರಿಪೇರಿಯವನು ಊರಿಗೆ ಹೊರಟುಹೋಗಿದ್ದಾನೆ. ಮನೆಯಲ್ಲಿರುವುದು ಸಣ್ಣದೊಂದು ಸಿಲಿಂಡರ್ ಮಾತ್ರ.

"ಶಾಮ್ ತಕ್ ಚಲೇಗಾ ಆಂಟಿ. ಉಸ್ಕೆ ಬಾದ್ ಪತಾ ನಹೀ."

ಸಂಜೆಯವರೆಗೆ. ಆಸ್ಪತ್ರೆಗೆ ಒಯ್ಯಬಹುದಲ್ಲ ಎಂದೆ. ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ, ಹೋದ ಸಲ ಕೆಳಗಿಳಿಸುವಾಗ ಅಮ್ಮನಿಗೆ ಮೆಟ್ಟಿಲಲ್ಲೇ ಪ್ರಜ್ಞೆ ತಪ್ಪಿತ್ತು ಎಂದಳು. ಮಷಿನ್ ಸಿಗುವುದಾದರೆ ಮನೆಯಲ್ಲೇ ಇರಲಿ, ಸಿಗದಿದ್ದರೆ ತಡಮಾಡದೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರಂತೆ. ಅಪ್ಪ ಇನ್ನೊಂದು ಸಿಲಿಂಡರ್ ಹುಡುಕಿಕೊಂಡು ಥಾಣೆಯೆಲ್ಲ ಸುತ್ತುತ್ತಿದ್ದರು.

ನಮ್ಮ ಸಂಘಕ್ಕೆ ಇದ್ದದ್ದು ಒಂದೇ ಆಕ್ಸಿಜನ್ ಮಷಿನ್. ಅದು ಎರಡು ತಿಂಗಳಿನಿಂದ ಕಲ್ಯಾಣದ ಒಂದು ಮನೆಯಲ್ಲಿತ್ತು. ಆ ಮನೆಯ ಹಿರಿಯರು ಶುಕ್ರವಾರ ತೀರಿಕೊಂಡಿದ್ದರು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ 'ಓಂ ಶಾಂತಿ' ಹಾಕಿದ್ದರು, ನಾನೂ ಹಾಕಿದ್ದೆ. ಮಗನ ನಂಬರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಕಳಿಸಿದೆ. ಬೂದುಬಣ್ಣದ ಎರಡು ಗೆರೆ ನೀಲಿಯಾಗಲೇ ಇಲ್ಲ.

ಕಡೆಗೆ ವಾಶಿಯಲ್ಲಿರುವ ಧಾರವಾಡದ ಅಕ್ಕನಿಗೆ ಹೇಳಿದೆ. ಸಂಘದ ಕೆಲಸದಲ್ಲಿ ಅವರು ನನ್ನ ಜೋಡಿ. ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವರು, ಧ್ವನಿ ಇನ್ನೂ ಮೈದಾನದ್ದೇ.

"ಫೋನ್ ಎತ್ತೂದಿಲ್ಲಂದ್ರ ಮನೀಗೇ ಹೋಗೂದ್ರೀ. ಇನ್ನೇನ್ ಮಾಡೂದು?"

"ಮೊನ್ನೆ ಶುಕ್ರವಾರ ಅಷ್ಟೇ ಹೋದದ್ದು ಅಕ್ಕ. ಹೇಗೆ ಕೇಳುವುದು?"

"ಬಾಯೀಲೆ ಕೇಳೂದು. ನಿಮ್ಮ ಕಾನ್ವೆಂಟಿನ್ಯಾಗ ಎಕ್ಸ್‌ಕ್ಯೂಜ್ ಮಿ ಅನ್ನೂದು ಕಲಿಸ್ಯಾರಲ್ಲ, ಅದನ್ನರ ಅನ್ರಿ. ನಾ ಸ್ಟೇಷನ್‌ಗೆ ಬಂದೆ."

ಮಂಗಳೂರಿನ ಆ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕೊಡುವುದನ್ನು ಕಲಿಸಿದ್ದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು. ಕೊಟ್ಟದ್ದನ್ನು ವಾಪಸು ಕೇಳುವ ಪಾಠ ಇರಲಿಲ್ಲ. ಅದೂ ಸಾವಾದ ಮನೆಯಲ್ಲಿ.

ಸೀರೆ ಬದಲಿಸುತ್ತಿದ್ದಾಗ ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಸೂತಕದ ಮನೆಗೆ ಹೋಗುವುದಾ?"

"ಮಷಿನ್ ತರಲಿಕ್ಕುಂಟು ಅತ್ತೆ."

"ಬೊಜ್ಜ, ಕ್ರಿಯೆ ಎಲ್ಲ ಆಗದೆ ಅಲ್ಲಿಂದ ಒಂದು ಕಡ್ಡಿ ಸಹ ತರಬಾರದು. ಹದಿಮೂರು ದಿನ ಕಾಯಲಿಕ್ಕೆ ಆಗುವುದಿಲ್ಲವಾ?"

"ಇಲ್ಲಿಗೆ ತರುವುದಿಲ್ಲ. ಸೀದಾ ರಬಾಳೆಗೆ."

"ರಬಾಳೆಯಲ್ಲಿ ಸಹ ಕಾಯಿಲೆಯವರೇ ಅಲ್ವಾ ಇರುವುದು? ಅವರಿಗೆ ಆಗುತ್ತದಾ?"

ಮೂಗಿಗೆ ಹಾಕುವ ಹೊಸ ಪೈಪಿನ ಪ್ಯಾಕೆಟ್ ಒಂದನ್ನು ಪರ್ಸಿಗೆ ಹಾಕಿಕೊಂಡು ಹೊರಟೆ.

ಥಾಣೆಯಲ್ಲಿ ಗಾಡಿ ಬದಲಿಸಿ ಕಲ್ಯಾಣದ ಲೋಕಲ್ ಹತ್ತಿದೆವು. ಲೇಡೀಸ್ ಡಬ್ಬಿಯ ತುಂಬ ಹಬ್ಬದ ಸಾಮಾನು: ಚೆಂಡುಹೂವಿನ ಚೀಲ, ಥರ್ಮಾಕೋಲಿನ ಕಂಬಗಳು, ಮಿನುಗುವ ಪರದೆ. ಯಾರದೋ ಕಂಬ ನನ್ನ ಭುಜಕ್ಕೆ ಒರಗಿತ್ತು. ಹುಡುಗಿ ಸಿಲಿಂಡರಿನ ಮೀಟರಿನ ಮುಳ್ಳಿನ ಫೋಟೋ ಕಳಿಸಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು. ಎರಡನ್ನೂ ಹಿಗ್ಗಿಸಿ ನೋಡಿದೆ. ಮುಳ್ಳು ಸರಿದಿತ್ತು. ಫೋಟೋದ ಮೂಲೆಯಲ್ಲಿ ಒಂದು ಪಾದ ಕಾಣುತ್ತಿತ್ತು, ಕಾಲುಂಗುರ ಇತ್ತು, ಉಗುರು ನೀಲಿಗೆ ತಿರುಗಿದಂತೆ ಅನಿಸಿತು. ಬೆಳಕಿನದ್ದೋ ಏನೋ ಎಂದುಕೊಂಡೆ. ಅಕ್ಕನಿಗೆ ತೋರಿಸಲಿಲ್ಲ.

ಕಲ್ಯಾಣದ ಮನೆ ಮಾರ್ಕೆಟ್ಟಿನ ಹಿಂದಿನ ಹಳೆಯ ಕಟ್ಟಡದಲ್ಲಿ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಇರಬಹುದೆಂದುಕೊಂಡಿದ್ದೆ. ಎರಡೇ ಜೊತೆ ಇದ್ದವು. ಮಗ ಬಾಗಿಲು ತೆರೆದರು. ನಲವತ್ತರ ಆಸುಪಾಸಿನವರು, ಬೋಳಿಸಿದ ತಲೆ, ಮೂರು ದಿನದ ಗಡ್ಡ ಅದಕ್ಕೆ ಹೊಂದದೆ ಕಾಣುತ್ತಿತ್ತು. ಅವರು ಪಕ್ಕಕ್ಕೆ ಸರಿಯಲಿಲ್ಲ. ಒಳಗಿನಿಂದ ಧೂಪದ ವಾಸನೆ ಬರುತ್ತಿತ್ತು.

ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಅರ್ಧಕ್ಕೇ ತಡವರಿಸಿತು. ಅಕ್ಕ ಮುಂದುವರಿಸಿದರು. "ಟೈಮ್ ಅಲ್ಲದ ಟೈಮಿಗೆ ಬಂದೇವ್ರಿ, ತಪ್ಪು ತಿಳೀಬ್ಯಾಡ್ರಿ. ಒಂದ್ ಪೇಶಂಟು ಭಾಳ ಸೀರಿಯಸ್ ಐತಿ."

"ಅಯ್ಯೋ, ನೀವು ಬಂದದ್ದಕ್ಕೆ ಬೇಜಾರಿಲ್ಲ," ಎಂದರು ಮಗ. "ಆದ್ರೆ ಈಗ ಕೊಡುವ ಹಾಗಿಲ್ಲ ಅಲ್ವಾ. ಸೂತಕ ಉಂಟು. ನೀವು ಧರ್ಮಕ್ಕೆ ಕೊಟ್ಟ ವಸ್ತು, ಅದನ್ನು ಅಶುದ್ಧ ಮಾಡಿ ವಾಪಸು ಕೊಡುವುದಾ? ಬೊಜ್ಜ ಕಳೆದ ಮರುದಿನ ನಾನೇ ಟೆಂಪೋ ಮಾಡಿ ತಂದು ಕೊಡ್ತೇನೆ."

"ಅಲ್ಲೀತನಕ ಆ ಹೆಣ್ಮಗಳು ಉಸಿರು ಹಿಡಕೊಂಡ್ ಕೂಡ್ತಾಳೇನ್ರೀ?"

ಅಕ್ಕನ ಧ್ವನಿ ಮೆಟ್ಟಿಲಲ್ಲಿ ಮೊಳಗಿತು. ಎದುರು ಮನೆಯ ಬಾಗಿಲು ಒಂದಿಷ್ಟು ತೆರೆದು ಮುಚ್ಚಿತು. ಅವರ ಮೊಣಕೈ ಒತ್ತಿ ಸುಮ್ಮನಿರಿಸಿದೆ. ಆ ಮೌನದಲ್ಲಿ ನನಗೆ ಒಳಗಿನಿಂದ ಒಂದು ಶಬ್ದ ಕೇಳಿಸಿತು. ಗುಂಯ್ ಎನ್ನುವ ಮೊರೆತ, ನಡುನಡುವೆ ನಿಟ್ಟುಸಿರು ಬಿಟ್ಟ ಹಾಗೆ ಒಂದು 'ಹುಸ್'. ಎಷ್ಟೋ ಸಲ ನಮ್ಮ ಗ್ಯಾಲರಿಯಲ್ಲಿ ಓಡಿಸಿ ನೋಡಿದ ಮಷಿನ್, ಆ ಶಬ್ದ ನನಗೆ ಗೊತ್ತು. ಅದು ಚಾಲೂ ಇತ್ತು. ಮನುಷ್ಯ ಹೋಗಿ ಮೂರನೆಯ ದಿನ.

ನನ್ನ ಮುಖ ನೋಡಿ ಮಗನಿಗೆ ತಿಳಿಯಿತು. ಹೊರಗೆ ಬಂದು ಬಾಗಿಲು ಎಳೆದುಕೊಂಡರು.

"ಸೂತಕ ಅಂತ ಹೇಳಿದ್ದು ಸುಳ್ಳಲ್ಲ. ಆದರೆ ಅದೊಂದೇ ಅಲ್ಲ." ಧ್ವನಿ ತೀರ ಇಳಿದಿತ್ತು. "ಅಮ್ಮ ಬಂದ್ ಮಾಡ್ಲಿಕ್ಕೆ ಬಿಡುವುದಿಲ್ಲ. ಎರಡು ತಿಂಗಳು ಈ ಶಬ್ದದ ಪಕ್ಕದಲ್ಲೇ ಮಲಗಿದ್ದಲ್ವಾ. ಕರೆಂಟ್ ಹೋಗಿ ಶಬ್ದ ನಿಂತರೆ ಸಾಕು, ಅಪ್ಪನಿಗೆ ಏನೋ ಆಯ್ತು ಅಂತ ಎದ್ದು ಓಡ್ತಿದ್ರು. ಮೊನ್ನೆ ಸಂಸ್ಕಾರ ಮುಗಿಸಿ ಬಂದು ನಾನು ಸ್ವಿಚ್ ಬಂದ್ ಮಾಡಿದೆ. ಅಡುಗೆಮನೆಯಿಂದ ಓಡಿ ಬಂದ್ರು. ಖಾಲಿ ಮಂಚ ನೋಡಿ... ಬೇಡ, ಅದು ಹೇಳ್ಲಿಕ್ಕೆ ಆಗುದಿಲ್ಲ ನಂಗೆ."

ನನ್ನ ಪರ್ಸಿನೊಳಗೆ ಫೋನು ಕಂಪಿಸುತ್ತಿತ್ತು.

"ಒಂದು ಸಲ ಅವರ ಹತ್ತಿರ ಮಾತಾಡಬಹುದಾ?" ಎಂದೆ. ಮಗ ಪಕ್ಕಕ್ಕೆ ಸರಿದು ಬಾಗಿಲಿನಿಂದ ಕೈ ತೆಗೆದರು.

ತಾಯಿ ಮಂಚದ ಪಕ್ಕ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದರು. ತಲೆದೆಸೆಯಲ್ಲಿ ದೀಪ ಉರಿಯುತ್ತಿತ್ತು. ಹಾಸಿಗೆಯ ಮೇಲೆ ಒಗೆದ ಚಾದರ ಬಿಗಿಯಾಗಿ ಹಾಸಿತ್ತು, ದಿಂಬಿನ ಮೇಲೆ ಪೈಪಿನ ತುದಿ. ಮಷಿನಿನ ಗಾಜಿನ ನಳಿಗೆಯಲ್ಲಿ ಪುಟ್ಟ ಚೆಂಡು ಡಾಕ್ಟರು ಹೇಳಿದ ಗೆರೆಯಲ್ಲೇ ತೇಲುತ್ತಿತ್ತು. ನೀರಿನ ಬಾಟಲಿ ಕತ್ತಿನವರೆಗೂ ತುಂಬಿತ್ತು. ಆ ನೀರು ಮುಗಿದಂತೆ ಕಾಯಿಸಿ ಆರಿಸಿ ಹಾಕಬೇಕು. ಅವರು ಇವತ್ತೂ ಹಾಕಿದ್ದರು.

"ಸಂಘದವರಾ? ಕೂತುಕೊಳ್ಳಿ," ಎಂದು ತುಳುವಿನಲ್ಲಿ ಹೇಳಿದರು. ನಾನು ನೆಲದ ಮೇಲೆ ಕೂತೆ. ತುಳುವಿನಲ್ಲೇ ಹೇಳಿದೆ, ಸುತ್ತಿಬಳಸದೆ. ರಬಾಳೆಯಲ್ಲಿ ಒಬ್ಬರಿಗೆ ಇದು ಬೇಕು, ಇವತ್ತೇ ಬೇಕು, ಬೇರೆ ಎಲ್ಲಿಯೂ ಸಿಗುತ್ತಿಲ್ಲ.

ಅವರು ಮಷಿನ್ ಕಡೆ ನೋಡುತ್ತಿದ್ದರು. "ಗಂಡಸಾ?"

"ಹೆಂಗಸು."

"ಪ್ರಾಯ?"

"ಐವತ್ತು ಆಗಿರಲಿಕ್ಕಿಲ್ಲ. ಒಬ್ಬಳೇ ಮಗಳು, ಅವಳೇ ನೋಡಿಕೊಳ್ಳುವುದು."

ಮಗ ಬಾಗಿಲಲ್ಲಿ ನಿಂತು ತನ್ನ ಉಗುರು ನೋಡಿಕೊಳ್ಳುತ್ತಿದ್ದರು. ಮತ್ತೆ ಫೋನು ಕಂಪಿಸಿತು. ನಾನು ಪರ್ಸನ್ನು ಸೆರಗಿನಿಂದ ಅದುಮಿಹಿಡಿದೆ.

"ತೆಗೆಯಿರಿ. ಯಾರೋ ಕರೆಯುತ್ತಾ ಇದ್ದಾರೆ."

ತೆಗೆದೆ. ಹುಡುಗಿಯ ದನಿ ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿತ್ತು. "ಆಂಟಿ, ಕಾಂಟಾ ಲಾಲ್ ಮೇ ಆ ಗಯಾ. ಮಮ್ಮಿ ಬಾತ್ ನಹೀ ಕರ್ ರಹೀ. ಆಪ್ ಕಹಾಂ ಹೋ?" ಮುಳ್ಳು ಕೆಂಪಿಗೆ ಬಂದಿತ್ತು. ಅವಳ ಅಮ್ಮ ಮಾತಾಡುತ್ತಿರಲಿಲ್ಲ. ಹುಡುಗಿ ಅಳುತ್ತಿರಲಿಲ್ಲ, ಆದರೆ ಪ್ರತಿ ಪದದ ಕೊನೆಯನ್ನು ನುಂಗುತ್ತಿದ್ದಳು.

"ಮುಳ್ಳು ಸೊನ್ನೆಗೆ ಹತ್ತಿರ ಬಂದರೆ ನನ್ನನ್ನು ಕಾಯಬೇಡ, ಆಂಬುಲೆನ್ಸ್ ಕರೆ," ಎಂದೆ. "ಸಿಲಿಂಡರ್ ತುಂಬ ಹೊತ್ತು ಬರಲಿ ಅಂತ ಗಾಳಿ ಕಮ್ಮಿ ಮಾಡಬೇಡ." ಅದು ಅವಳಿಗೆ ಅರ್ಥವಾಗಲೆಂದು ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದೆ.

ಫೋನ್ ಇಟ್ಟಾಗ ಆ ತಾಯಿ ಎದ್ದು ನಿಂತಿದ್ದರು. ಗೋಡೆ ಹಿಡಿದುಕೊಂಡು ಸ್ವಲ್ಪ ಸುಧಾರಿಸಿಕೊಂಡರು.

"ನೀರು ಬರುವ ಹೊತ್ತಾಯಿತು," ಎಂದರು, ಯಾರಿಗೆಂದಿಲ್ಲದೆ. "ನಾನು ನೀರು ಹಿಡಿಯುತ್ತೇನೆ."

ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿದ ಶಬ್ದ ಕೇಳಿಸಿತು. ಸ್ಟೀಲಿನ ಕೊಡಕ್ಕೆ ನೀರು ದಬದಬ ಬೀಳತೊಡಗಿತು, ಮಷಿನಿನ ಮೊರೆತ ಅದರಲ್ಲಿ ಮುಳುಗಿತು. ಮಗನ ಕೈ ಸ್ವಿಚ್ಚಿನ ಕಡೆ ಹೋಗಿ ಅಲ್ಲೇ ನಿಂತಿತು. ಅವರು ನನ್ನ ಕಡೆ ನೋಡಿದರು.

ನಾನು ಒತ್ತಿದೆ.

ಚೆಂಡು ಮೆಲ್ಲಗೆ ಕೆಳಗಿಳಿದು ಕೂತಿತು. ಒಳಗೆ ಕೊಡ ತುಂಬಿ ಉಕ್ಕುತ್ತಿತ್ತು, ನೀರು ನೆಲಕ್ಕೆ ಚೆಲ್ಲುತ್ತಿತ್ತು. ಅವರು ನಲ್ಲಿ ನಿಲ್ಲಿಸಲಿಲ್ಲ. ಹೊಸ ಪೈಪು ನನ್ನ ಹತ್ತಿರ ಇತ್ತು. ಹಳೆಯದನ್ನು ಮಷಿನಿನಿಂದ ಬಿಡಿಸಿ, ಇದ್ದಲ್ಲಿಯೇ, ದಿಂಬಿನ ಮೇಲೆಯೇ ಬಿಟ್ಟೆ. ಬಾಟಲಿಯ ನೀರನ್ನು ಮಾತ್ರ ಚೆಲ್ಲಬೇಕಾಯಿತು. ಅದನ್ನು ಅವರ ಗ್ಯಾಲರಿಯ ತುಳಸಿಯ ಬುಡಕ್ಕೆ ಹಾಕಿದೆ.

ಹೊಸ್ತಿಲು ದಾಟಿಸುವಾಗ ಮಗನಿಗೆ ಏನನ್ನಿಸಿತೋ, ಒಳಗೆ ಹೋಗಿ ಒಂದು ತಂಬಿಗೆ ನೀರು, ತುಳಸಿಯ ಕುಡಿ ತಂದರು. ಶುದ್ಧ ಮಾಡಿಯೇ ಕೊಡಬೇಕು ಅವರಿಗೆ. ಕುಡಿಯನ್ನು ಅದ್ದಿ ಕೈ ಎತ್ತಿದಾಗ ನಾನು ಕಿರುಚಿಯೇಬಿಟ್ಟೆ. "ನೀರು ಬೇಡ! ಒಳಗೆ ಹೋದರೆ ಕೆಡುತ್ತದೆ!" ಅಕ್ಕ ಚಟ್ಟನೆ ಬಗ್ಗಿ ಮಷಿನಿನ ಗಾಳಿಕಂಡಿಗೆ ತಮ್ಮ ಸೆರಗು ಮುಚ್ಚಿದರು. ಪ್ರೋಕ್ಷಣೆಯೆಲ್ಲ ಅವರ ಬೆನ್ನಿನ ಮೇಲಾಯಿತು. "ಚಲೋ ಆತು, ನಾನೂ ಶುದ್ಧ ಆದೆ. ಹಿಡೀರಿ ಇನ್ನ," ಎಂದರು ಅಕ್ಕ. ಮಗನ ತುಟಿಯಲ್ಲಿ ಆ ದಿನ ಮೊದಲ ಸಲ ನಗು ಸುಳಿದದ್ದು ಆಗ. ಬೆರಳು ಒದ್ದೆಮಾಡಿ ಒಂದು ಚಕ್ರಕ್ಕೆ ಮುಟ್ಟಿಸಿ, ಮಷಿನನ್ನು ತಾವೇ ಹೊತ್ತು ಕೆಳಗಿಳಿಸಿದರು.

ನಾವು ಕರೆಸಿದ ಕ್ಯಾಬ್‌ನ ಡಿಕ್ಕಿಯಲ್ಲಿ ಸಿ.ಎನ್.ಜಿ. ಟ್ಯಾಂಕ್ ಇತ್ತು, ಜಾಗ ಇರಲಿಲ್ಲ. ಮಷಿನ್ ಮಲಗಿಸುವಂತಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ನಿಲ್ಲಿಸಿ ಬೆಲ್ಟ್ ಹಾಕಿದೆವು. ಡ್ರೈವರ್ ಕನ್ನಡಿಯಲ್ಲಿ ಅದನ್ನು ನೋಡಿ, "ಮ್ಯಾಡಮ್, ಯೇ ಫಟೇಗಾ ತೋ ನಹೀ?" ಎಂದ.

"ಇದು ಒಡಿಯೂದಿಲ್ಲ, ನಾ ಒಡೀತೀನಿ ನೀ ಲಗೂ ಹೋಗ್ಲಿಲ್ಲಂದ್ರ," ಎಂದರು ಅಕ್ಕ ಶುದ್ಧ ಧಾರವಾಡದಲ್ಲಿ. ಅವನಿಗೆ ಮಾತು ತಿಳಿಯಲಿಲ್ಲ, ಸ್ವರ ತಿಳಿಯಿತು. ಗಾಡಿ ಓಡಿಸಿದ.

ಶಿಳಫಾಟಾ ಹತ್ತಿರ ಎಲ್ಲವೂ ನಿಂತಿತು. ಯಾವುದೋ ಮಂಡಳದ ಗಣಪತಿ ಟ್ರಕ್ಕಿನಲ್ಲಿ ಬರುತ್ತಿತ್ತು, ಮುಖಕ್ಕೆ ಬಟ್ಟೆ ಮುಚ್ಚಿದ ದೊಡ್ಡ ಮೂರ್ತಿ. ಮುಂದೆ ಢೋಲು ತಾಶೆ, ಹಿಂದೆ ಲಾರಿಗಳ ಸಾಲು. ನಮ್ಮ ಗಾಡಿ ಒಂದು ಮಾರೂ ಸರಿಯಲಿಲ್ಲ. ನಾನು ಹುಡುಗಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಎತ್ತಲಿಲ್ಲ. ಢೋಲಿನ ಪೆಟ್ಟು ಗಾಜಿನಲ್ಲಿ, ಸೀಟಿನಲ್ಲಿ, ನನ್ನ ಹಲ್ಲಿನಲ್ಲಿ ಅದುರುತ್ತಿತ್ತು. ಬೆಲ್ಟಿನೊಳಗೆ ಮಷಿನ್ ಒಬ್ಬ ಸಭ್ಯ ಪ್ರಯಾಣಿಕನ ಹಾಗೆ ಕೂತಿತ್ತು. ಅದನ್ನು ಅಲ್ಲೇ ಬಂದ್ ಮಾಡಿ ತಂದ ನನ್ನ ಬೆರಳನ್ನು ನೋಡಿಕೊಂಡೆ. ಅಲ್ಲಿಂದ ಕಿತ್ತು ತಂದದ್ದು ಇಲ್ಲಿ ತಲುಪದಿದ್ದರೆ?

ಅಕ್ಕ ಬಾಗಿಲು ತೆರೆದು ಇಳಿದೇಬಿಟ್ಟರು. ಗುಲಾಲಿನ ನಡುವೆ ಅವರ ಬಿಳಿ ತುರುಬು ಮಂಡಳದ ಕೇಸರಿ ಪಟ್ಟಿಯ ಹುಡುಗರ ಕಡೆ ಸಾಗಿತು. ಏನು ಹೇಳಿದರೋ ಕೇಳಿಸಲಿಲ್ಲ. ತಮ್ಮ ಮೂಗು ತೋರಿಸಿದರು, ನಮ್ಮ ಗಾಡಿ ತೋರಿಸಿದರು, ಕೈಯೆತ್ತಿ ಗಣಪತಿಯನ್ನೂ ತೋರಿಸಿದರು. ಢೋಲು ನಿಂತಿತು. ಹುಡುಗರು ಹಗ್ಗ ಎಳೆದು ಜನರನ್ನು ಒಂದು ಬದಿಗೆ ಸರಿಸಿದರು. ಟ್ರಕ್ಕಿನ ಪಕ್ಕದಲ್ಲಿ ನಮ್ಮ ಕ್ಯಾಬ್ ನುಸುಳುವಷ್ಟು ದಾರಿಯಾಯಿತು. ಅಕ್ಕ ಓಡಿಬಂದು ಕೂತಾಗ ಹಣೆಯೆಲ್ಲ ಗುಲಾಲು.

"ಉಸಿರು ಹತ್ತೇತ್ರೀ ನನಗ," ಎಂದರು. ಆಮೇಲೆ ತಾವು ಅಂದದ್ದು ತಮಗೇ ಕೇಳಿಸಿ ಸುಮ್ಮನಾದರು. ಗಾಡಿ ಮಹಾಪೆ ದಾಟಿತು.

ರಬಾಳೆಯ ಆ ಕಟ್ಟಡದ ಬುಡದಲ್ಲಿ ಆಂಬುಲೆನ್ಸ್ ಇರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಡ್ರೈವರ್ ಒಂದು ಕಡೆ, ಅಕ್ಕ ಒಂದು ಕಡೆ ಮಷಿನ್ ಹಿಡಿದರು. ನಾನು ಪೈಪಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಕಿತ್ತು ತೆರೆಯುತ್ತ ಮುಂದೆ ಓಡಿದೆ.

ಹುಡುಗಿ ಬಾಗಿಲು ತೆರೆದು ಇಟ್ಟಿದ್ದಳು. ಒಂದು ಕೈಯಲ್ಲಿ ಅಮ್ಮನನ್ನು ಹಾಸಿಗೆಯಲ್ಲಿ ಮುಂದಕ್ಕೆ ಬಾಗಿಸಿ ಹಿಡಿದಿದ್ದಳು, ಇನ್ನೊಂದರಲ್ಲಿ ರಟ್ಟಿನಿಂದ ಗಾಳಿ ಬೀಸುತ್ತಿದ್ದಳು. ಅದಕ್ಕೇ ಫೋನ್ ಎತ್ತಿರಲಿಲ್ಲ. ಆಂಬುಲೆನ್ಸಿಗೆ ಹೇಳಿದ್ದಳು, ಅದೂ ಎಲ್ಲೋ ಜಾಮಿನಲ್ಲಿ ಸಿಕ್ಕಿತ್ತು. ಸಿಲಿಂಡರಿನಿಂದ ಶಬ್ದವೇ ಇರಲಿಲ್ಲ. ಆ ಹೆಂಗಸಿನ ಎರಡು ಭುಜಗಳು ಮೇಲೆ ಕೆಳಗೆ, ಮೇಲೆ ಕೆಳಗೆ ಆಗುತ್ತಿದ್ದವು. ಕಣ್ಣು ನೆಲದಲ್ಲಿ ನೆಟ್ಟಿತ್ತು.

ಆರಿದ ನೀರು ಕೇಳಿದೆ, ಬಾಟಲಿ ತುಂಬಿದೆ, ಪ್ಲಗ್ ಚುಚ್ಚಿದೆ. ಮಷಿನ್ ಕೀಂ ಎಂದು ಕೂಗಿ ಹಳದಿ ದೀಪ ಹಚ್ಚಿತು. ಪೈಪನ್ನು ಅವರ ಮೂಗಿಗೆ ಇಟ್ಟು ಕಿವಿಯ ಹಿಂದೆ ಸುತ್ತಿದೆ. ಅದು ಪೂರ್ತಿ ಸಿದ್ಧವಾಗಲು ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ಮಾಡಲು ಏನೂ ಇರುವುದಿಲ್ಲ. ಡ್ರೈವರ್ ಕೂಡ ಹೋಗದೆ ಬಾಗಿಲಲ್ಲಿ ನಿಂತಿದ್ದ. ಹುಡುಗಿ ಅಮ್ಮನ ಬೆರಳಿಗೆ ಸಿಕ್ಕಿಸಿದ್ದ ಸಣ್ಣ ಮೀಟರನ್ನು ಅಂಗೈಯಲ್ಲಿ ಮುಚ್ಚಿಕೊಂಡಳು, ಅಂಕಿ ನಮಗಾಗಲಿ ತನಗಾಗಲಿ ಕಾಣಬಾರದೆಂಬಂತೆ.

ದೀಪ ಹಸಿರಾಯಿತು. ಭುಜಗಳು ತಕ್ಷಣ ನಿಲ್ಲಲಿಲ್ಲ. ಬಹಳ ಹೊತ್ತು ಹಿಡಿಯಿತು. ಮೊದಲು ಕತ್ತಿನ ನರ ಸಡಿಲವಾಯಿತು, ಆಮೇಲೆ ತುಟಿ ಮುಚ್ಚಿತು. ಹುಡುಗಿ ಅಂಗೈ ತೆರೆದು ನೋಡಿ, ಅಪ್ಪನಿಗೂ ಆಂಬುಲೆನ್ಸಿಗೂ ಫೋನ್ ಮಾಡಲು ಅಡುಗೆಮನೆಯತ್ತ ಹೋದಳು. ಅಲ್ಲಿ ಅತ್ತದ್ದು ನಮಗೆ ಕೇಳಿಸಿತು.

ಆ ಹೆಂಗಸು ಕಣ್ಣೆತ್ತಿ ಮೊದಲು ಮಷಿನನ್ನು, ಆಮೇಲೆ ನನ್ನನ್ನು ನೋಡಿದರು.

"ಇದು... ಮೊದಲು ಯಾರ ಹತ್ರ ಇತ್ತು?"

"ಕಲ್ಯಾಣದಲ್ಲಿ ಒಬ್ಬರ ಹತ್ತಿರ."

"ಗುಣ ಆಯ್ತಾ ಅವರಿಗೆ?"

"ಆರಾಮ ಆಗ್ಯಾರ್ರೀ," ಎಂದರು ಅಕ್ಕ ಕೂಡಲೇ. "ಅಗದೀ ಆರಾಮ..."

ಆದರೆ ಆ ಕಣ್ಣು ಅಕ್ಕನ ಮೇಲೆ ಇರಲಿಲ್ಲ. ನನ್ನ ಮುಖದ ಮೇಲಿತ್ತು. ನಾನೂ ಹಾಗೇ ಹೇಳಬಹುದಿತ್ತು. ಆ ಸುಳ್ಳಿಗೆ ಬಾಯಿ ಬರಲಿಲ್ಲ.

"ಇಲ್ಲ," ಎಂದೆ. "ಶುಕ್ರವಾರ ತೀರಿಕೊಂಡರು."

"ಆಂಟಿ!" ಹುಡುಗಿ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು.

ಅವರ ಕೈ ಮೂಗಿನ ಹತ್ತಿರ ಹೋಯಿತು. ಕಿತ್ತು ಎಸೆಯುತ್ತಾರೆಂದು ನಾನು ಅರ್ಧ ಎದ್ದೆ. ಅವರು ಪೈಪನ್ನು ಎರಡು ಬೆರಳಲ್ಲಿ ಹಿಡಿದು ಹಾಗೇ ಕೂತರು. ಒಂದು ಉಸಿರು, ಇನ್ನೊಂದು ಉಸಿರು. ಆಮೇಲೆ ಒತ್ತುತ್ತಿದ್ದ ಕಡೆ ಅದನ್ನು ಸ್ವಲ್ಪ ಸರಿಸಿಕೊಂಡರು.

"ಇವತ್ತು ಭಾನುವಾರ," ಎಂದರು. "ಸೂತಕದ ಒಳಗೆ... ಕೊಟ್ಟರಾ?"

"ಕೊಟ್ಟರು. ಅವರ ಹೆಂಡತಿ."

ಅವರು ಮಷಿನ್ ಕಡೆ ಇನ್ನೊಮ್ಮೆ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, "ಇವರಿಗೆ ಚಾ ಇಡು. ಆ ಡ್ರೈವರಿಗೂ," ಎಂದರು.

ನಾನು ಎದ್ದು ನಿಂತೆ. ಅತ್ತೆಯ ಮುಖ ಕಣ್ಣ ಮುಂದೆ ಬಂತು. "ಬೇಡ ಮಾರಾಯ್ರೆ, ನಾವು ಆ ಮನೆಯಿಂದ ಸೀದಾ ಬಂದದ್ದು. ಮಿಂದಿಲ್ಲ."

"ನಾನು ಮಿಂದು ಎಷ್ಟು ದಿನ ಆಯ್ತು ಅಂತ..." ಉಸಿರಿಗಾಗಿ ನಿಲ್ಲಿಸಿದರು. "...ಇವಳನ್ನು ಕೇಳಿ. ಕೂತ್ಕೊಳ್ಳಿ."

ಅಕ್ಕ ಮೈದಾನದ ಧ್ವನಿಯಲ್ಲಿ ನಕ್ಕುಬಿಟ್ಟರು. ಕೋಣೆಯಲ್ಲಿ ಕುರ್ಚಿ ಇರಲಿಲ್ಲ. ಆ ಹೆಂಗಸು ತನ್ನ ಕಾಲನ್ನು ಮೆಲ್ಲಗೆ ಮಡಚಿಕೊಂಡು ಹಾಸಿಗೆಯಲ್ಲಿ ನನಗೆ ಜಾಗ ಮಾಡಿಕೊಟ್ಟರು. ನಾನು ಕೂತೆ.